ಜೀವ ಮಾರ್ಪಡಿಸುವ ಸ್ಪರ್ಧೆಗೆ ಮಲೆನಾಡಿನ ಮಕ್ಕಳು ಹೋಗಬೇಕೇ?

ಕುಲಾಂತರಿ ಬೆಳೆಗಳ ಬಗ್ಗೆ ನಮ್ಮ ಬಳಗದ ನಿಲುವು ಈ ಪತ್ರಿಕೆಯ ಓದುಗರಿಗೆ ಹೊಸದೇನಲ್ಲ. ಬಿಟಿ ಬದನೆಯ ಚರ್ಚೆ ದೇಶದಲ್ಲಿ ಎದ್ದಂದಿನಿಂದಲೂ ನಾವು ಪ್ರಶ್ನೆ ಕೇಳುವವರ ಸಾಲಿನಲ್ಲಿ ನಿಂತಿದ್ದೇವೆ. ಹೀಗಿರುವಾಗ, ಬ್ಯಾಕ್ಟೀರಿಯಾದ ವಂಶವಾಹಿಯನ್ನು ಮಾರ್ಪಡಿಸಿ ಅದಕ್ಕೆ ಹೊಸ ಗುಣವೊಂದನ್ನು ಕೊಡುವುದನ್ನೇ ಉದ್ದೇಶವಾಗಿಸಿಕೊಂಡ ಅಂತರರಾಷ್ಟ್ರೀಯ ಸ್ಪರ್ಧೆಯೊಂದರ ಬಗ್ಗೆ ನಮ್ಮದೇ ಊರುಗಳ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ಮಕ್ಕಳು ವಿಚಾರಿಸತೊಡಗಿದರೆ ನಾವು ಏನು ಹೇಳಬೇಕು? ‘ಅದು ನಮ್ಮದಲ್ಲ, ಅತ್ತ ಹೋಗಬೇಡಿ’ ಎಂದು ಹೇಳುವುದು ಸುಲಭ. ‘ವಿದೇಶಕ್ಕೆ ಹೋಗುವ ಅವಕಾಶ, ಬಿಡಬೇಡಿ’ ಎಂದು ಬೆನ್ನು ತಟ್ಟುವುದು ಇನ್ನೂ ಸುಲಭ. ಈ ಎರಡೂ ಉತ್ತರಗಳು ಮಕ್ಕಳ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಉತ್ತರಗಳಲ್ಲ ಎಂಬುದು ನನ್ನ ಅಭಿಪ್ರಾಯ.

ಮಕ್ಕಳು ಹೋಗಲಿ; ಆದರೆ ನಾವು ಒಪ್ಪಿದ ಕೆಲವು ಷರತ್ತುಗಳ ಮೇಲೆ, ನಮ್ಮ ನೆಲದ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದು ಹೋಗಲಿ. ಆ ಷರತ್ತುಗಳು ಈಡೇರದಿದ್ದರೆ ಹೋಗದಿರುವುದೇ ಲೇಸು. ಇದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಏನಿದು ಐಜೆಮ್?

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ 2003ರ ಜನವರಿಯಲ್ಲಿ ನಡೆದ ಒಂದು ತಿಂಗಳ ಕಿರು ತರಗತಿಯಿಂದ ಈ ಸ್ಪರ್ಧೆ ಹುಟ್ಟಿತು. ಮಿನುಗುವ ಜೀವಕೋಶವನ್ನು ವಿನ್ಯಾಸಗೊಳಿಸುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಕೊಟ್ಟ ಕೆಲಸ. 2004ರ ಬೇಸಿಗೆಯಲ್ಲಿ ಐದು ವಿಶ್ವವಿದ್ಯಾಲಯಗಳ ತಂಡಗಳು ಸೇರಿ ಅದನ್ನು ಸ್ಪರ್ಧೆಯಾಗಿಸಿದವು. ಟಾಮ್ ನೈಟ್, ಡ್ರೂ ಎಂಡಿ, ರ‍್ಯಾಂಡಿ ರೆಟ್‌ಬರ್ಗ್ ಇದರ ಹಿಂದಿದ್ದ ಪ್ರಮುಖರು. 2011ರಲ್ಲಿ ಪ್ರೌಢಶಾಲಾ ವಿಭಾಗ ಆರಂಭವಾಯಿತು. 2012ರಲ್ಲಿ ಸ್ಪರ್ಧೆಯು ಎಂಐಟಿಯಿಂದ ಬೇರ್ಪಟ್ಟು ಲಾಭರಹಿತ ಪ್ರತಿಷ್ಠಾನವೊಂದರ ಆಡಳಿತಕ್ಕೆ ಬಂತು. ಬಾಸ್ಟನ್ ನಗರದಲ್ಲಿ ನಡೆಯುತ್ತಿದ್ದ ವಾರ್ಷಿಕ ಸಮಾವೇಶ 2022ರಿಂದ ಪ್ಯಾರಿಸ್‌ಗೆ ಸ್ಥಳಾಂತರಗೊಂಡಿದೆ. ಇತ್ತೀಚಿನ ವರ್ಷಗಳಲ್ಲಿ 400ಕ್ಕೂ ಹೆಚ್ಚು ತಂಡಗಳು ಭಾಗವಹಿಸುತ್ತಿವೆ. ನಮ್ಮಲ್ಲಿ ಹನ್ನೆರಡನೆಯ ತರಗತಿ, ಅಂದರೆ ಎರಡನೆಯ ಪಿಯುಸಿವರೆಗಿನ ಮಕ್ಕಳು ಇದರ ಪ್ರೌಢಶಾಲಾ ವಿಭಾಗಕ್ಕೆ ಸೇರುತ್ತಾರೆ.

ಸ್ಪರ್ಧೆಯ ಪೂರ್ಣ ಹೆಸರಿನಲ್ಲೇ ಜೀವಿಯನ್ನು ‘ಯಂತ್ರ’ ಎನ್ನಲಾಗಿದೆ: ಇಂಟರ್‌ನ್ಯಾಷನಲ್ ಜೆನೆಟಿಕಲಿ ಎಂಜಿನಿಯರ್ಡ್ ಮಷಿನ್. ಆ ಪದದ ಬಗ್ಗೆ ಮುಂದೆ ಹೇಳುತ್ತೇನೆ. ಪ್ರತಿ ತಂಡವೂ ವರ್ಷದ ಆರಂಭದಲ್ಲಿ ನೋಂದಾಯಿಸಿಕೊಂಡು, ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅದಕ್ಕೆ ಪರಿಹಾರವಾಗಬಲ್ಲ ಜೈವಿಕ ವ್ಯವಸ್ಥೆಯನ್ನು ವಿನ್ಯಾಸಗೊಳಿಸಿ, ಪ್ರಯೋಗಾಲಯದಲ್ಲಿ ಕಟ್ಟಿ, ಪರೀಕ್ಷಿಸಿ, ಶರತ್ಕಾಲದ ವೇಳೆಗೆ ವರದಿ ಒಪ್ಪಿಸಬೇಕು. ಒಲಿಂಪಿಯಾಡ್‌ಗಳಂತೆ ಇಲ್ಲಿ ಪ್ರಶ್ನೆಪತ್ರಿಕೆ ಇಲ್ಲ. ಪ್ರಶ್ನೆಯನ್ನು ತಂಡವೇ ಹುಡುಕಬೇಕು. ಪದಕವೂ ಒಬ್ಬರಿಗೆ ಮಾತ್ರವಲ್ಲ. ನಿಗದಿತ ಮಾನದಂಡ ಮುಟ್ಟಿದ ಪ್ರತಿ ತಂಡಕ್ಕೂ ಕಂಚು, ಬೆಳ್ಳಿ ಅಥವಾ ಚಿನ್ನ ದೊರೆಯುತ್ತದೆ.

ಕರ್ನಾಟಕಕ್ಕೆ ಈ ಸ್ಪರ್ಧೆ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೂ ಮಣಿಪಾಲದಿಂದಲೂ ಕಾಲೇಜು ತಂಡಗಳು ಹೋಗಿವೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರ ನೆರವಿನಿಂದ ಭಾಗವಹಿಸಿದ್ದರು. ಅವರು ಆರಿಸಿಕೊಂಡ ವಸ್ತು ಮೊದಲ ಮಳೆಯ ಮಣ್ಣಿನ ವಾಸನೆ.

ಮಕ್ಕಳು ಅಲ್ಲಿ ಮಾಡುವುದೇನು?

ಎಲ್ಲ ಜೀವಿಗಳ ವಂಶವಾಹಿಯೂ ಡಿಎನ್‌ಎ ಎಂಬ ಒಂದೇ ಲಿಪಿಯಲ್ಲಿ ಬರೆಯಲ್ಪಟ್ಟಿದೆ. ಒಂದು ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂಬುದನ್ನು ಅದರ ಮುಂದಿರುವ ಸಣ್ಣ ತುಣುಕೊಂದು ನಿರ್ಧರಿಸುತ್ತದೆ. ಅದಕ್ಕೆ ಪ್ರೊಮೋಟರ್ ಎನ್ನುತ್ತಾರೆ. ಮನೆಯ ದೀಪದ ಸ್ವಿಚ್ ಇದ್ದಂತೆ. ಸ್ವಿಚ್ಚನ್ನು ಒಂದು ಜೀವಿಯಿಂದಲೂ ದೀಪವನ್ನು ಇನ್ನೊಂದು ಜೀವಿಯಿಂದಲೂ ತಂದು ಜೋಡಿಸಿದರೆ, ಗೊತ್ತಾದ ವಸ್ತು ಎದುರಾದಾಗ ಮಾತ್ರ ಬೆಳಗುವ ಬ್ಯಾಕ್ಟೀರಿಯಾ ಸಿದ್ಧವಾಗುತ್ತದೆ. ಈ ‘ದೀಪ’ ಸಾಮಾನ್ಯವಾಗಿ ಲೋಳೆಮೀನಿನಿಂದ ಬಂದ ಹಸಿರು ಹೊಳಪಿನ ಪ್ರೊಟೀನು. ಅದರ ಶೋಧಕ್ಕೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.

ಜೋಡಿಸಿದ ಡಿಎನ್‌ಎ ಉಂಗುರವನ್ನು ಇ. ಕೋಲಿ ಬ್ಯಾಕ್ಟೀರಿಯಾದ ನಿರುಪದ್ರವಿ ಪ್ರಯೋಗಾಲಯ ತಳಿಗಳೊಳಗೆ ಸೇರಿಸಬೇಕು. ಮಂಜುಗಡ್ಡೆಯಲ್ಲಿಟ್ಟ ಕೋಶಗಳನ್ನು ಮುಕ್ಕಾಲು ನಿಮಿಷದಷ್ಟು ಹೊತ್ತು 42 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒಡ್ಡುವುದು ಒಂದು ವಿಧಾನ. ಅನಂತರ ಅವನ್ನು ಪ್ರತಿಜೀವಕ ಬೆರೆಸಿದ ಆಹಾರದ ಮೇಲೆ ಹರಡಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಹೊಸ ಡಿಎನ್‌ಎ ಪಡೆದ ಕೋಶಗಳು ಮಾತ್ರ ಬದುಕುತ್ತವೆ. ಅಂದರೆ ಮಕ್ಕಳ ಕೈಯಲ್ಲಿರುವ ತಟ್ಟೆಯಲ್ಲಿ ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒತ್ತಡದ ಹಬೆಯಲ್ಲಿ, 121 ಡಿಗ್ರಿಯಲ್ಲಿ ಬೇಯಿಸಿಯೇ ಹೊರಹಾಕಬೇಕು, ಬಚ್ಚಲಿಗೆ ಚೆಲ್ಲುವಂತಿಲ್ಲ. ಭಯ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಇದು ಆಟಿಕೆಯಲ್ಲ, ಶಿಸ್ತು ಬೇಡುವ ಕೆಲಸ ಎಂಬುದು ತಂದೆತಾಯಂದಿರಿಗೂ ತಿಳಿದಿರಬೇಕು.

ಈ ಸ್ಪರ್ಧೆಯಲ್ಲಿ ಮೆಚ್ಚಬೇಕಾದದ್ದು

ನಮ್ಮ ಶಾಲೆಗಳ ವಿಜ್ಞಾನ ಬೋಧನೆಯ ದೊಡ್ಡ ಕೊರತೆಯೆಂದರೆ ಉತ್ತರ ಮೊದಲೇ ಗೊತ್ತಿರುವ ಪ್ರಯೋಗ. ಲಿಟ್ಮಸ್ ಕಾಗದ ಕೆಂಪಾಗುತ್ತದೆಂದು ಪುಸ್ತಕದಲ್ಲಿ ಓದಿ, ಕೆಂಪಾಗದಿದ್ದರೂ ‘ಕೆಂಪಾಯಿತು’ ಎಂದು ಬರೆದು ಅಂಕ ಪಡೆಯುವ ಪದ್ಧತಿಯಲ್ಲಿ ನಮ್ಮ ಮಕ್ಕಳು ಬೆಳೆಯುತ್ತಾರೆ. ಐಜೆಮ್‌ನಲ್ಲಿ ಪ್ರಯೋಗ ಕೈಕೊಡುವುದೇ ಹೆಚ್ಚು. ಏಕೆ ಕೈಕೊಟ್ಟಿತು, ಮುಂದಿನ ಸಲ ಏನು ಬದಲಿಸಿದಿರಿ ಎಂಬ ವಿವರಣೆಗೂ ಅಲ್ಲಿ ಬೆಲೆಯಿದೆ. ಯಾವ ಕೆಲಸವನ್ನು ಯಾರು ಮಾಡಿದರು, ಮಾರ್ಗದರ್ಶಕರ ಪಾಲೆಷ್ಟು ಎಂಬುದನ್ನು ತಂಡ ಬಹಿರಂಗವಾಗಿ ಬರೆದುಕೊಡಬೇಕು. ಅಪ್ಪನೋ ಮೇಷ್ಟರೋ ಮಾಡಿಕೊಟ್ಟ ಮಾದರಿ ಹಿಡಿದು ವಿಜ್ಞಾನ ಮೇಳಕ್ಕೆ ಹೋಗುವುದು ರೂಢಿಯಾಗಿರುವ ನಮಗೆ ಈ ಒಂದು ನಿಯಮವೇ ದೊಡ್ಡ ಪಾಠ.

ಎರಡನೆಯದು, ಅವರು ‘ಹ್ಯೂಮನ್ ಪ್ರಾಕ್ಟೀಸಸ್’ ಎಂದು ಕರೆಯುವ ಭಾಗ. ತಮ್ಮ ಕೆಲಸದಿಂದ ಯಾರ ಬದುಕು ಬದಲಾಗುತ್ತದೋ ಅವರ ಬಳಿಗೆ ತಂಡ ಹೋಗಬೇಕು, ಅವರ ಮಾತು ಕೇಳಬೇಕು, ಕೇಳಿದ್ದರಿಂದ ವಿನ್ಯಾಸ ಹೇಗೆ ಬದಲಾಯಿತೆಂದು ತೋರಿಸಬೇಕು. ಅಣೆಕಟ್ಟಿನಿಂದ ಗಣಿಯವರೆಗೆ, ತಳಿಯಿಂದ ಕೀಟನಾಶಕದವರೆಗೆ, ಪರಿಸರ ಚಳವಳಿ ಇಷ್ಟು ವರ್ಷ ಸರ್ಕಾರಗಳನ್ನೂ ಕಂಪನಿಗಳನ್ನೂ ಕೇಳಿದ್ದು ಇದನ್ನೇ ಅಲ್ಲವೇ? ಅನೇಕ ತಂಡಗಳು ಇದನ್ನು ಒಂದು ಪ್ರಶ್ನಾವಳಿ, ನಾಲ್ಕು ಛಾಯಾಚಿತ್ರಗಳಲ್ಲಿ ಮುಗಿಸುತ್ತವೆ ಎಂಬುದೂ ನಿಜ. ಆದರೂ ಹದಿನಾರರ ವಯಸ್ಸಿನಲ್ಲಿ ಇಂಥ ಕರ್ತವ್ಯವೊಂದು ವಿಜ್ಞಾನಿಗೆ ಉಂಟೆಂದು ತಿಳಿಯುವುದು ಸಣ್ಣ ಸಂಗತಿಯಲ್ಲ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರಿಗೂ ಈ ಪಾಠವನ್ನು ಯಾರೂ ಕಡ್ಡಾಯವಾಗಿ ಕಲಿಸುವುದಿಲ್ಲ.

ಮೂರನೆಯದು ಸುರಕ್ಷತೆ. ಮಾರ್ಪಡಿಸಿದ ಜೀವಿಯನ್ನು ಪ್ರಯೋಗಾಲಯದಿಂದ ಹೊರಗೆ ಬಿಡುವಂತಿಲ್ಲ ಎಂಬುದು ಸ್ಪರ್ಧೆಯ ಕಟ್ಟುನಿಟ್ಟಾದ ನಿಯಮ. ಅನುಮೋದಿತ ಪಟ್ಟಿಯಲ್ಲಿಲ್ಲದ ಜೀವಿಯನ್ನೋ ವಂಶವಾಹಿಯನ್ನೋ ಬಳಸುವ ಮುನ್ನ ಒಪ್ಪಿಗೆ ಪಡೆಯಬೇಕು.

2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ತಂಡ ಕುಡಿಯುವ ನೀರಿನ ಆರ್ಸೆನಿಕ್ ಪತ್ತೆ ಮಾಡುವ ಬ್ಯಾಕ್ಟೀರಿಯಾವನ್ನು ರೂಪಿಸಿತು. ಆರ್ಸೆನಿಕ್ ಇದ್ದರೆ ದ್ರಾವಣದ ಆಮ್ಲೀಯತೆ ಬದಲಾಗಿ ಬಣ್ಣ ತಿಳಿಸುವಂಥ ಏರ್ಪಾಡು. ಬಾಂಗ್ಲಾದೇಶದ ಕೊಳವೆಬಾವಿಗಳ ದುರಂತ ಅವರ ಕಣ್ಣ ಮುಂದಿತ್ತು. ಅದರ ಮುಂದುವರಿಕೆಯಲ್ಲಿ ಎದುರಾದ ತೊಡಕು ತಾಂತ್ರಿಕವಾದದ್ದಷ್ಟೇ ಅಲ್ಲ. ಜೀವಂತ ಕುಲಾಂತರಿ ಬ್ಯಾಕ್ಟೀರಿಯಾ ಇರುವ ಸೀಸೆಯನ್ನು ಹಳ್ಳಿಯ ಮನೆಯವರ ಕೈಗೆ ಕೊಡಬಹುದೇ ಎಂಬ ಪ್ರಶ್ನೆ. ಇದು ನಮ್ಮ ಬಳಗವೂ ಕೇಳುವ ಪ್ರಶ್ನೆ.

ಇಟ್ಟಿಗೆಯೂ ಮಣ್ಣೂ

ಈಗ ನಾವು ಅನುಮಾನಿಸಬೇಕಾದದ್ದಕ್ಕೆ ಬರೋಣ. ಸ್ಪರ್ಧೆಯ ಮೂಲದಲ್ಲಿ ಒಂದು ತತ್ತ್ವವಿದೆ: ಜೀವಿಯ ಭಾಗಗಳನ್ನು ಇಟ್ಟಿಗೆಗಳಂತೆ ಪ್ರಮಾಣೀಕರಿಸಬಹುದು, ಬೇಕಾದಂತೆ ಜೋಡಿಸಬಹುದು. ಟಾಮ್ ನೈಟ್ 2003ರಲ್ಲಿ ಮುಂದಿಟ್ಟ ಈ ಮಾದರಿಯ ಹೆಸರೇ ‘ಬಯೋಬ್ರಿಕ್’. ಸಾವಿರಾರು ಇಂಥ ‘ಇಟ್ಟಿಗೆ’ಗಳ ಮುಕ್ತ ಭಂಡಾರವನ್ನು ಐಜೆಮ್ ಕಟ್ಟಿದೆ. ಕಂಪನಿಗಳ ಪೇಟೆಂಟಿಗೆ ಒಳಪಡದ ಮುಕ್ತ ಜ್ಞಾನ ಎಂಬ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಒಂದು ಕೋಶದಲ್ಲಿ ಚೆನ್ನಾಗಿ ನಡೆದ ಭಾಗ ಇನ್ನೊಂದರಲ್ಲಿ ನಡೆಯದಿರುವುದು, ಎರಡು ಸರಿಯಾದ ಭಾಗಗಳು ಕೂಡಿದಾಗ ಮೂರನೆಯದೇ ಏನೋ ಆಗುವುದು ಈ ಕ್ಷೇತ್ರದವರೇ ಒಪ್ಪಿಕೊಂಡ ಅನುಭವ.

ಬೆಂಗಳೂರಿನ ತಂಡದ ಮಳೆಯ ವಾಸನೆಯನ್ನೇ ತೆಗೆದುಕೊಳ್ಳಿ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಅದಕ್ಕೆ ಬೇಕಾದ ವಂಶವಾಹಿಯನ್ನು ಇ. ಕೋಲಿಗೆ ಸೇರಿಸುವುದು ಆ ವಿದ್ಯಾರ್ಥಿಗಳ ಯೋಜನೆ. ಆದರೆ ಸ್ಟ್ರೆಪ್ಟೊಮೈಸಿಸ್ ಆ ವಾಸನೆಯನ್ನು ಏಕೆ ಬೀರುತ್ತದೆ? ಇದಕ್ಕೆ ಒಂದು ಉತ್ತರ ಪ್ರಕಟವಾದದ್ದು 2020ರಲ್ಲಿ. ತರಗೆಲೆಯ ಅಡಿಯಲ್ಲಿ ಕುಪ್ಪಳಿಸುವ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳನ್ನು ಆ ವಾಸನೆ ಸೆಳೆಯುತ್ತದೆ. ಅವು ಬಂದು ಬ್ಯಾಕ್ಟೀರಿಯಾವನ್ನು ಮೇಯುತ್ತವೆ, ಅದರ ಬೀಜಾಣುಗಳನ್ನು ಮೈಗೆ ಅಂಟಿಸಿಕೊಂಡೂ ಹಿಕ್ಕೆಯಲ್ಲೂ ಹೊತ್ತೊಯ್ದು ಬೇರೆಡೆ ಬಿತ್ತುತ್ತವೆ. ವಾಸನೆ ಅಲ್ಲಿ ಒಂದು ಸಂಬಂಧದ ಕೊಂಡಿ. ಪ್ರಯೋಗಾಲಯದ ತಟ್ಟೆಗೆ ವಾಸನೆಯನ್ನು ತರಬಹುದು. ಸ್ಪ್ರಿಂಗ್‌ಟೇಲ್, ತರಗೆಲೆ, ಮುಂಗಾರನ್ನು ತರಲಾಗದು.

ಆ ತಂಡವನ್ನು ಟೀಕಿಸಲು ಈ ಮಾತು ಹೇಳುತ್ತಿಲ್ಲ. ಜಿಯೋಸ್ಮಿನ್‌ನ ವಂಶವಾಹಿಯನ್ನು ವಿಜ್ಞಾನಿಗಳು ಮೊದಲೇ ಬಿಡಿಸಿ ಓದದೆ ಇದ್ದಿದ್ದರೆ, ವಾಸನೆಯಿಲ್ಲದ ಬ್ಯಾಕ್ಟೀರಿಯಾವನ್ನು ಹೋಲಿಕೆಗೆ ಸೃಷ್ಟಿಸಿ ಸ್ಪ್ರಿಂಗ್‌ಟೇಲ್‌ಗಳ ನಡವಳಿಕೆಯನ್ನು ಪರೀಕ್ಷಿಸುವುದೂ ಕಷ್ಟವಾಗುತ್ತಿತ್ತು. ಭಾಗವನ್ನು ತಿಳಿಯುವ ವಿದ್ಯೆ, ಸಂಬಂಧವನ್ನು ತಿಳಿಯುವ ವಿದ್ಯೆ ಎರಡೂ ಬೇಕು. ಮೊದಲನೆಯದು ಪಟ್ಟಣದ ಪ್ರಯೋಗಾಲಯಗಳಲ್ಲಿದೆ. ಎರಡನೆಯದರ ಪ್ರಾಥಮಿಕ ಪಾಠ ಸೊಪ್ಪಿನ ಬೆಟ್ಟದಲ್ಲಿ ತರಗು ಗುಡಿಸುವ, ಗೊಬ್ಬರದ ಗುಂಡಿ ಮಗುಚುವ ಮನೆಯ ಮಕ್ಕಳಿಗೆ ಆಗಿರುತ್ತದೆ. ಜೀವಿಯನ್ನು ‘ಯಂತ್ರ’ ಎಂದು ಕರೆಯುವ ಸಭೆಯಲ್ಲಿ ಇಂಥ ಮಕ್ಕಳು ಇರಬೇಕಾದ ಅಗತ್ಯ ಹೆಚ್ಚು ಎಂದೇ ನಾನು ಭಾವಿಸುತ್ತೇನೆ.

ಹಣ ಮತ್ತು ಮಾರುಕಟ್ಟೆ

ಇನ್ನು ಖರ್ಚಿನ ಮಾತು. ತಂಡದ ನೋಂದಣಿ ಶುಲ್ಕವೇ ಹಲವು ಸಾವಿರ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಲಕ್ಷಗಟ್ಟಲೆ ರೂಪಾಯಿ. ಸಮಾವೇಶಕ್ಕೆ ಹೋಗುವವರ ಶುಲ್ಕ, ವಿಮಾನ, ವಸತಿ, ಕಿಣ್ವ ಮತ್ತು ಡಿಎನ್‌ಎ ಸಂಶ್ಲೇಷಣೆಯ ವೆಚ್ಚ ಬೇರೆ. ಪ್ರೌಢಶಾಲಾ ವಿಭಾಗದಲ್ಲಿ ಚೀನಾ, ಅಮೆರಿಕಗಳ ಅನುಕೂಲಸ್ಥ ಶಾಲೆಗಳೇ ಹೆಚ್ಚಾಗಿ ಕಾಣುವುದು ಆಕಸ್ಮಿಕವಲ್ಲ. ವಿದೇಶಿ ವಿಶ್ವವಿದ್ಯಾಲಯದ ಅರ್ಜಿಗೆ ಒಂದು ಗರಿ ಎಂದು ಇದನ್ನು ನೋಡುವ ಕುಟುಂಬಗಳಿವೆ. ಆ ಕಾರಣಕ್ಕೆ ಹೋಗುವುದಾದರೆ ನಮ್ಮ ಬಳಗ ಬೆಂಬಲ ಕೊಡಬೇಕಾದ ಅಗತ್ಯವಿಲ್ಲ.

ಮಾರುಕಟ್ಟೆಯ ವಿಷಯ ಇದಕ್ಕಿಂತ ದೊಡ್ಡದು. ಈ ವಿದ್ಯೆಯ ಹಿಂದೆ ಉದ್ಯಮವಿದೆ, ಆ ಉದ್ಯಮದ ಕಣ್ಣು ಗುಡ್ಡಗಾಡಿನ ಬೆಳೆಗಳ ಮೇಲಿದೆ. 2003ರ ಸುಮಾರಿಗೆ ಹಸಿ ವೆನಿಲ್ಲಾ ಕೋಡು ಕಿಲೋಗೆ ಸಾವಿರಾರು ರೂಪಾಯಿಗೆ ಮಾರಾಟವಾಗಿ, ಒಂದೆರಡು ವರ್ಷಗಳಲ್ಲೇ ದರ ನೆಲಕಚ್ಚಿದ್ದನ್ನು ಮಲೆನಾಡು ಮರೆತಿಲ್ಲ. ಆ ಏರಿಳಿತಕ್ಕೆ ಮಡಗಾಸ್ಕರಿನ ಚಂಡಮಾರುತ, ಅಲ್ಲಿನ ಬೆಳೆ, ಕಾರ್ಖಾನೆಯ ಕೃತಕ ವೆನಿಲಿನ್ ಎಲ್ಲವೂ ಕಾರಣವಾಗಿದ್ದವು. ಅದಕ್ಕೆ ಇನ್ನೊಂದು ಸೇರಿದೆ. ಸ್ವಿಟ್ಜರ್ಲೆಂಡಿನ ಇವೊಲ್ವಾ ಕಂಪನಿ ಅಭಿವೃದ್ಧಿಪಡಿಸಿದ, ಮಾರ್ಪಡಿಸಿದ ಯೀಸ್ಟ್‌ನಿಂದ ಹುದುಗಿಸಿ ತೆಗೆದ ವೆನಿಲಿನ್ 2014ರಲ್ಲಿ ಮಾರುಕಟ್ಟೆಗೆ ಬಂತು. ಶ್ರೀಗಂಧದ ಎಣ್ಣೆಯ ಮುಖ್ಯ ಪರಿಮಳದ್ರವ್ಯವಾದ ಸ್ಯಾಂಟಲೋಲ್ ಕೂಡ ಈಗ ಸೂಕ್ಷ್ಮಜೀವಿಗಳಿಂದ ತಯಾರಾಗುತ್ತಿದೆ. ನಾಳೆ ಏಲಕ್ಕಿ, ಕಾಳುಮೆಣಸಿನ ಸರದಿ ಬರಲಾರದೆಂದು ಯಾರೂ ಭರವಸೆ ಕೊಡಲಾರರು. ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿದ ಪರಿಮಳ ಕಾಡಿನ ಶ್ರೀಗಂಧದ ಮೇಲಿನ ಕಳ್ಳಗಣ್ಣನ್ನು ತಪ್ಪಿಸಲೂಬಹುದು, ಗಂಧ ಬೆಳೆದ ರೈತನ ಬಾಳನ್ನು ಕೆಡಿಸಲೂಬಹುದು. ಯಾವುದು ಆಗುತ್ತದೆಂಬುದನ್ನು ವಿಜ್ಞಾನವೊಂದೇ ನಿರ್ಧರಿಸುವುದಿಲ್ಲ. ಅದನ್ನು ಅರಿತ ಜನರ ಒತ್ತಡವೂ ನಿರ್ಧರಿಸುತ್ತದೆ.

ಕಲಿತರೆ ಒಪ್ಪಿದಂತೆಯೇ?

ಬಳಗದ ಹಿರಿಯರು ಎತ್ತಬಹುದಾದ ಆಕ್ಷೇಪ ನ್ಯಾಯವಾದದ್ದು. ನಾವು ವಿರೋಧಿಸುವ ತಂತ್ರಜ್ಞಾನವನ್ನು ನಮ್ಮ ಮಕ್ಕಳಿಂದಲೇ ಮಾಡಿಸಿ ಅದಕ್ಕೆ ಗೌರವ ತಂದುಕೊಟ್ಟಂತಾಗದೇ?

ಬಿಟಿ ಬದನೆಯ ಇತಿಹಾಸವನ್ನು ಇಲ್ಲಿ ನೆನೆಯಬೇಕು. 2010ರ ಜನವರಿ, ಫೆಬ್ರುವರಿಯಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ ನಡೆಯಿತು. ಫೆಬ್ರುವರಿ 9ರಂದು ತಡೆ ಘೋಷಣೆಯಾಯಿತು. ಆ ತಡೆಗೆ ರೈತರ ದನಿ ಎಷ್ಟು ಕಾರಣವೋ, ಸುರಕ್ಷತಾ ಪರೀಕ್ಷೆಗಳ ದಾಖಲೆಗಳನ್ನು ಓದಿ ಅವುಗಳ ಕೊರತೆಯನ್ನು ಎತ್ತಿ ತೋರಿಸಿದ ವಿಜ್ಞಾನಿಗಳೂ ಅಷ್ಟೇ ಕಾರಣ. ಅವರಲ್ಲಿ ಮುಂಚೂಣಿಯಲ್ಲಿದ್ದವರು ಪುಷ್ಪ ಮಿತ್ರ ಭಾರ್ಗವ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರು. ಅನುಮೋದನಾ ಸಮಿತಿಯ ಸಭೆಗಳಿಗೆ ಸುಪ್ರೀಂ ಕೋರ್ಟ್ ನಾಮನಿರ್ದೇಶನ ಮಾಡಿದ್ದವರು. ಅಣು ಜೀವವಿಜ್ಞಾನವನ್ನು ಆಳವಾಗಿ ಅರಿತಿದ್ದರಿಂದಲೇ ಅವರ ವಿರೋಧಕ್ಕೆ ಬೆಲೆ ಬಂತು. ಭಾರ್ಗವರು 2017ರಲ್ಲಿ ತೀರಿಕೊಂಡರು. ಆ ಸ್ಥಾನದಲ್ಲಿ ಕುಳಿತು ಪ್ರಶ್ನೆ ಕೇಳಬಲ್ಲವರು ಗುಡ್ಡಗಾಡಿನ ಊರುಗಳಿಂದ ಎಷ್ಟು ಮಂದಿ ಸಿದ್ಧರಾಗುತ್ತಿದ್ದಾರೆ?

ಕಾಲ ನಮಗಾಗಿ ಕಾಯುತ್ತಿಲ್ಲ. ಹೊರಗಿನ ಡಿಎನ್‌ಎ ಉಳಿಯದ ಕೆಲವು ಬಗೆಯ ಜೀನೋಮ್ ಸಂಪಾದಿತ ಸಸ್ಯಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 1989ರ ನಿಯಮಗಳ ಹಲವು ಕಲಮುಗಳಿಂದ ವಿನಾಯಿತಿ ನೀಡಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಕುಲಾಂತರಿ ಮತ್ತು ಜೀನೋಮ್ ಸಂಪಾದನೆಗಳ ನಡುವಿನ ವ್ಯತ್ಯಾಸವನ್ನೇ ಬಲ್ಲವರಿಲ್ಲದ ಗ್ರಾಮಸಭೆಯಲ್ಲಿ ಇದರ ಬಗ್ಗೆ ಪರವಾಗಲಿ ವಿರೋಧವಾಗಲಿ ಯಾವ ನಿರ್ಣಯ ಮಾಡಲು ಸಾಧ್ಯ?

ನಮ್ಮ ತಂಡದ ಪ್ರಶ್ನೆ ಯಾವುದಾಗಬಹುದು?

ಉದಾಹರಣೆಗೆ ಒಂದನ್ನು ಮುಂದಿಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಧ್ಯಯನ ನಡೆಸಿ 1910ರಲ್ಲಿ ವರದಿ ಪ್ರಕಟಿಸಿದಂದಿನಿಂದ ಶತಮಾನಕ್ಕೂ ಮೀರಿ ಬೋರ್ಡೋ ದ್ರಾವಣವೇ ನಮ್ಮ ಆಸರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು ಕಾಲು ಕಿಲೋ ತಾಮ್ರವಿರುತ್ತದೆ. ತಾಮ್ರ ಕೊಳೆಯುವ ವಸ್ತುವಲ್ಲ. ಮಳೆಗಾಲದಲ್ಲಿ ಎರಡು ಮೂರು ಬಾರಿ ಕೊನೆಗೆ ಹೊಡೆದದ್ದರಲ್ಲಿ ಬಹುಪಾಲು ತೊಳೆದು ತೋಟದ ಮಣ್ಣಿಗೇ ಇಳಿಯುತ್ತದೆ. ತಲೆಮಾರುಗಳಿಂದ ಸೇರಿದ ಈ ತಾಮ್ರದಲ್ಲಿ ಎರೆಹುಳುವಿಗೆ, ಬೇರಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ನಿಜಕ್ಕೂ ತಗಲುವ ಪಾಲೆಷ್ಟು?

ಪ್ರಯೋಗಾಲಯದ ಉಪಕರಣ ಮಣ್ಣಿನಲ್ಲಿರುವ ಒಟ್ಟು ತಾಮ್ರವನ್ನು ನಿಖರವಾಗಿ ಅಳೆಯುತ್ತದೆ. ಜೀವಿಗೆ ತಗಲುವ ತಾಮ್ರವನ್ನು ತಿಳಿಯಲು ಜೀವಿಯನ್ನೇ ಕೇಳಬೇಕು. ಇ. ಕೋಲಿಯಲ್ಲಿ ಇದಕ್ಕೆ ಸಹಜವಾದ ಸ್ವಿಚ್ ಇದೆ. ಕೋಶದೊಳಗೆ ತಾಮ್ರ ಹೆಚ್ಚಿದೊಡನೆ ಕ್ಯೂ-ಆರ್ ಎಂಬ ಪ್ರೊಟೀನು ಅದನ್ನು ಗುರುತಿಸಿ, ತಾಮ್ರವನ್ನು ಹೊರದಬ್ಬುವ ಪಂಪಿನ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಆ ಸ್ವಿಚ್ಚಿಗೆ ಹಸಿರು ದೀಪ ಜೋಡಿಸಿದರೆ, ತೋಟದ ಮಣ್ಣನ್ನು ಪ್ರಯೋಗಾಲಯಕ್ಕೆ ಒಯ್ದು, ಅದರ ತಿಳಿನೀರನ್ನು ಬ್ಯಾಕ್ಟೀರಿಯಾಕ್ಕೆ ಉಣಿಸಿ ಹೊಳಪನ್ನು ಅಳೆಯಬಹುದು. ಮಣ್ಣು ಪ್ರಯೋಗಾಲಯಕ್ಕೆ ಹೋಗುತ್ತದೆ. ಬ್ಯಾಕ್ಟೀರಿಯಾ ತೋಟಕ್ಕೆ ಬರುವುದಿಲ್ಲ. ಒಂದು ವರ್ಷದಲ್ಲಿ ಮಕ್ಕಳ ತಂಡವೊಂದು ಇದನ್ನು ಪರಿಪೂರ್ಣಗೊಳಿಸೀತೆಂದು ನಾನು ಹೇಳುವುದಿಲ್ಲ. ಆದರೆ ನೂರು ತೋಟಗಳಿಗೆ ಹೋಗಿ, ಎಷ್ಟು ವರ್ಷದಿಂದ, ಎಷ್ಟು ಬಾರಿ, ಎಷ್ಟು ಪ್ರಮಾಣದಲ್ಲಿ ಔಷಧ ಹೊಡೆದಿದ್ದಾರೆಂದು ಯಜಮಾನರನ್ನೂ ಕೊನೆಗಾರರನ್ನೂ ಕೇಳಿ ಬರೆದಿಟ್ಟರೆ, ಬ್ಯಾಕ್ಟೀರಿಯಾ ಬೆಳಗದಿದ್ದರೂ ಆ ದಾಖಲೆ ಊರಿಗೆ ಉಳಿಯುತ್ತದೆ.

ಕಾನೂನಿನ ಅಂಶವೊಂದನ್ನು ಶಿಕ್ಷಕರು ಗಮನಿಸಬೇಕು. ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳ ಪ್ರಕಾರ ವಂಶವಾಹಿ ಮಾರ್ಪಾಡಿನ ಕೆಲಸ ನಡೆಯುವ ಸಂಸ್ಥೆಯಲ್ಲಿ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಹಳ್ಳಿಯ ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಮಾಡುವಂತಿಲ್ಲ, ಮಾಡಲೂಬಾರದು. ಅಂಥ ಸಮಿತಿಯಿರುವ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯೊಡನೆ ಕೈಜೋಡಿಸುವುದೊಂದೇ ದಾರಿ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದ ಊರುಗಳಲ್ಲಿ ಕಿಣ್ವಗಳನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಕಾಪಾಡುವುದೂ ಆಗದ ಮಾತು.

ಬಡತನವೇ ಕೆಲವೊಮ್ಮೆ ಒಳ್ಳೆಯ ವಿಜ್ಞಾನಕ್ಕೆ ಕಾರಣವಾಗುವುದುಂಟು. ವಿದ್ಯುತ್ ಮಿಡಿತದಿಂದ ಕೋಶದೊಳಗೆ ಡಿಎನ್‌ಎ ಸೇರಿಸುವ ಯಂತ್ರಕ್ಕೆ ಸಾವಿರಾರು ಡಾಲರ್ ಬೆಲೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಸಾದ್ ಭಾಮ್ಲಾ ಅವರ ಬಳಗ, ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿ ಹೊತ್ತಿಸುವ ಹರಳನ್ನೇ ಬಳಸಿ ಇದೇ ಕೆಲಸ ಮಾಡುವ ‘ಎಲೆಕ್ಟ್ರೋಪೆನ್’ ರೂಪಿಸಿ 2020ರಲ್ಲಿ ಪ್ರಕಟಿಸಿತು. ಅದರ ತಯಾರಿಕಾ ವೆಚ್ಚ 23 ಸೆಂಟ್, ಇಪ್ಪತ್ತು ರೂಪಾಯಿಯ ಆಸುಪಾಸು. ಅದನ್ನು ಬಳಸಿ ನೋಡಿದವರಲ್ಲಿ ಐಜೆಮ್‌ನಲ್ಲಿ ಭಾಗವಹಿಸುವ ಲ್ಯಾಂಬರ್ಟ್ ಪ್ರೌಢಶಾಲೆಯ ಮಕ್ಕಳೂ ಇದ್ದರು.

ನಮ್ಮ ಷರತ್ತುಗಳು

ಬಳಗದ ಮುಂದೆ ಐದು ಷರತ್ತುಗಳನ್ನು ಚರ್ಚೆಗೆ ಇಡುತ್ತಿದ್ದೇನೆ.

ಒಂದು, ಪ್ರಶ್ನೆ ಊರಿನದಾಗಿರಬೇಕು. ನೋಂದಣಿಗೆ ಮುನ್ನ ಕನಿಷ್ಠ ಮೂರು ತಿಂಗಳು ತೋಟ, ಗದ್ದೆ, ಹಾಡಿಗಳಲ್ಲಿ ಓಡಾಡಿ, ರೈತರೊಡನೆಯೂ ಕೂಲಿಕಾರರೊಡನೆಯೂ ಮಾತಾಡಿ ಅದನ್ನು ಆರಿಸಬೇಕು.

ಎರಡು, ಮಾರ್ಪಡಿಸಿದ ಯಾವ ಜೀವಿಯೂ ಪ್ರಯೋಗಾಲಯದ ಹೊಸ್ತಿಲು ದಾಟಕೂಡದು. ಸ್ಪರ್ಧೆಯ ನಿಯಮ ಅಷ್ಟೇ ಅಲ್ಲ, ಊರಿಗೆ ಕೊಟ್ಟ ಮಾತೂ ಆಗಿರಬೇಕು.

ಮೂರು, ನಮ್ಮ ಕಾಡಿನ, ತೋಟದ ಜೀವಿಯಿಂದ ವಂಶವಾಹಿಯನ್ನು ತೆಗೆಯುವುದಾದರೆ ಮೊದಲು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ಹೇಳಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಕಾಗದದ ಮೇಲಷ್ಟೇ ಇರುವ ಸಮಿತಿಗಳನ್ನು ಎಚ್ಚರಿಸಲು ಮಕ್ಕಳ ಈ ಅರ್ಜಿಯೇ ನೆಪವಾಗಲಿ. ಮುಕ್ತ ಭಂಡಾರಕ್ಕೆ ಸೇರಿದ್ದನ್ನು ಕಂಪನಿಯೂ ಬಳಸಬಹುದೆಂಬುದನ್ನು ಅರಿತೇ ಊರು ನಿರ್ಧರಿಸಲಿ.

ನಾಲ್ಕು, ಒಬ್ಬ ತಂದೆಯ ಹಣದಿಂದ ಒಬ್ಬ ಮಗು ಹೋಗುವುದು ಬೇಡ. ಹಲವು ಶಾಲೆಗಳು ಸೇರಿ ಒಂದು ತಂಡವಾಗಲಿ. ಕನ್ನಡ ಮಾಧ್ಯಮದ ಮಕ್ಕಳು, ಹೆಣ್ಣುಮಕ್ಕಳು ಅದರಲ್ಲಿರಲಿ. ಕಂಪನಿಯ ಪ್ರಾಯೋಜನೆಯನ್ನು ಪಡೆಯುವುದಿದ್ದರೆ ಬಳಗದ ಸಭೆಯಲ್ಲಿ ಚರ್ಚಿಸಿಯೇ ಪಡೆಯಲಿ. ಹಣ ಕೂಡದಿದ್ದರೆ ನೋಂದಣಿಯನ್ನೇ ಬಿಟ್ಟು, ಅದೇ ಕೆಲಸವನ್ನು ಅದೇ ಶಿಸ್ತಿನಿಂದ ಇಲ್ಲೇ ಮಾಡಲಿ. ಪ್ಯಾರಿಸ್ ನೋಡದಿದ್ದರೆ ವಿಜ್ಞಾನಕ್ಕೆ ನಷ್ಟವೇನಿಲ್ಲ.

ಐದು, ಇಂಗ್ಲಿಷಿನಲ್ಲಿ ಒಪ್ಪಿಸಿದ ವರದಿಯನ್ನು ಕನ್ನಡದಲ್ಲಿಯೂ ಬರೆದು ಗ್ರಾಮಸಭೆಯಲ್ಲಿ ಓದಬೇಕು. ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳು, ಮಣ್ಣು ಕೊಟ್ಟ ರೈತನ ಪ್ರಶ್ನೆಗೂ ಉತ್ತರಿಸಬೇಕು.

ಈ ಷರತ್ತುಗಳಲ್ಲಿ ಸೇರಿಸಬೇಕಾದದ್ದು, ಬಿಡಬೇಕಾದದ್ದು ಇರಬಹುದು. ಮುಂದಿನ ಮಾಸಿಕ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಆ ಸಭೆಗೆ ಹಿರಿಯರಷ್ಟೇ ಅಲ್ಲದೆ ಪ್ರಶ್ನೆ ಎತ್ತಿದ ವಿದ್ಯಾರ್ಥಿಗಳೂ ಅವರ ಶಿಕ್ಷಕರೂ ಬರಲಿ. ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು: ಬರುವಾಗ ನಿಮ್ಮ ಮನೆಯ ತೋಟಕ್ಕೆ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಕಿಲೋ ಮೈಲುತುತ್ತ ಬಿದ್ದಿದೆಯೆಂದು ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಚರ್ಚೆಯನ್ನು ಆ ಲೆಕ್ಕದಿಂದಲೇ ಆರಂಭಿಸೋಣ.